ಒಂದು ಆಸನದ ಹಿಂದಿನ ನೂರು ವರ್ಷ

ಮಾನ್ಯರೇ,

ಅಮೆರಿಕದಲ್ಲಿ ನಡೆದ ವರ್ಣಭೇದ ವಿರೋಧಿ ಹೋರಾಟದ ಮುಖ್ಯ ಘಟ್ಟಗಳ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಶಾಲೆ, ಹೋಟೆಲು, ಮತದಾನ, ವಸತಿ, ವಿವಾಹ ಎಂದು ಹಲವು ಕವಲುಗಳಲ್ಲಿ ಹರಿದ ಆ ಹೋರಾಟವನ್ನು ಒಂದು ಗಂಟೆಯ ಅವಧಿಯಲ್ಲಿ ಮೇಲುಮೇಲೆ ಮುಟ್ಟಿ ಹೋಗುವುದಕ್ಕಿಂತ, ಒಂದು ಕವಲನ್ನು ಆರಿಸಿಕೊಂಡು ಅದರ ಜೊತೆಯಲ್ಲಿ ಕೊನೆಯವರೆಗೆ ನಡೆಯುವುದು ಮೇಲೆಂದು ನನಗೆ ತೋರಿತು. ನಾನು ಆರಿಸಿಕೊಂಡಿರುವುದು ವಾಹನಗಳನ್ನು: ಟ್ರಾಮು, ರೈಲು, ನಗರದ ಬಸ್ಸು, ರಾಜ್ಯದಿಂದ ರಾಜ್ಯಕ್ಕೆ ಹೋಗುವ ದೂರದ ಬಸ್ಸು. ದುಡ್ಡು ಕೊಟ್ಟು ಟಿಕೆಟ್ ಪಡೆದ ಮನುಷ್ಯನೊಬ್ಬ ಎಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆ ಆ ದೇಶವನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಕಾಡಿತು.

ಈ ಚರಿತ್ರೆಯಲ್ಲಿ ನಮಗೆಲ್ಲ ಗೊತ್ತಿರುವ ಹೆಸರು ರೋಸಾ ಪಾರ್ಕ್ಸ್ ಅವರದು. ದಿನವಿಡೀ ಹೊಲಿಗೆ ಕೆಲಸ ಮಾಡಿ ದಣಿದ ಮಹಿಳೆಯೊಬ್ಬರು ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ, ಊರಿಗೆ ಊರೇ ಎದ್ದು ನಿಂತಿತು, ಕಾನೂನು ಬದಲಾಯಿತು ಎಂದು ನಮ್ಮ ಪಠ್ಯಪುಸ್ತಕಗಳೂ ಪತ್ರಿಕೆಗಳೂ ಹೇಳುತ್ತ ಬಂದಿವೆ. ಹೀಗೆ ಹೇಳಿದಾಗ ಆ ಮಹಿಳೆಗೂ ಅವರ ಊರಿಗೂ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂದು ನಡೆದದ್ದರ ಹಿಂದೆ ವರ್ಷಗಳ ತಯಾರಿಯಿತ್ತು, ಸೋತ ಮೊಕದ್ದಮೆಗಳಿದ್ದವು, ಹೆಸರು ಮರೆತುಹೋದ ಹಲವು ಹೆಂಗಸರ ದುಡಿಮೆಯಿತ್ತು. ಆ ದುಡಿಮೆಯ ವಿವರಗಳಿಗೇ ಇಂದು ಹೆಚ್ಚು ಸಮಯ ಕೊಡಲು ಬಯಸುತ್ತೇನೆ.

ಮೊದಲ ಹೆಜ್ಜೆಗಳನ್ನು ಹುಡುಕಿದರೆ ನಾವು ದಕ್ಷಿಣಕ್ಕಲ್ಲ, ನ್ಯೂಯಾರ್ಕ್ ನಗರಕ್ಕೆ ಹೋಗಬೇಕಾಗುತ್ತದೆ. 1854ರ ಜುಲೈ ತಿಂಗಳ ಒಂದು ಭಾನುವಾರ ಎಲಿಜಬೆತ್ ಜೆನ್ನಿಂಗ್ಸ್ ಎಂಬ ಶಾಲಾ ಶಿಕ್ಷಕಿ ಚರ್ಚಿಗೆ ಹೊರಟಿದ್ದಾಗ, ಕುದುರೆ ಎಳೆಯುವ ಟ್ರಾಮಿನಿಂದ ಅವರನ್ನು ಬಲವಂತವಾಗಿ ಕೆಳಗಿಳಿಸಲಾಯಿತು. ಅವರು ಕಂಪನಿಯ ಮೇಲೆ ದಾವೆ ಹೂಡಿ ಮರುವರ್ಷ ಗೆದ್ದರು. ಅವರ ಪರವಾಗಿ ವಾದಿಸಿದ ಯುವ ವಕೀಲ ಚೆಸ್ಟರ್ ಆರ್ಥರ್ ಮುಂದೆ ಅಮೆರಿಕದ ಅಧ್ಯಕ್ಷರಾದರು. ಮೂವತ್ತು ವರ್ಷಗಳ ನಂತರ ಟೆನ್ನೆಸೀ ರಾಜ್ಯದಲ್ಲಿ ಐಡಾ ವೆಲ್ಸ್ ಎಂಬ ಇನ್ನೊಬ್ಬ ಶಾಲಾ ಶಿಕ್ಷಕಿಯನ್ನು ರೈಲಿನ ಮಹಿಳೆಯರ ಬೋಗಿಯಿಂದ ಎಳೆದು ಹಾಕಿದರು. ಅವರಿಗೂ 1884ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ 500 ಡಾಲರ್ ಪರಿಹಾರ ದೊರೆಯಿತು. ಆದರೆ 1887ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಈ ಎರಡು ಮೊಕದ್ದಮೆಗಳ ನಡುವೆ ದೇಶ ಅಂತರ್ಯುದ್ಧವನ್ನು ಕಂಡಿತ್ತು, ಗುಲಾಮಗಿರಿ ಕೊನೆಗೊಂಡಿತ್ತು, ಕಾನೂನಿನ ಸಮಾನ ರಕ್ಷಣೆಯನ್ನು ಕೊಡುವ 14ನೆಯ ತಿದ್ದುಪಡಿ 1868ರಲ್ಲಿ ಸಂವಿಧಾನವನ್ನು ಸೇರಿತ್ತು. 1877ರಲ್ಲಿ ಒಕ್ಕೂಟದ ಸೈನ್ಯ ದಕ್ಷಿಣದ ಕಾವಲನ್ನು ಬಿಟ್ಟ ಮೇಲೆ ಆ ಮಾತುಗಳೆಲ್ಲ ಒಂದೊಂದಾಗಿ ಬರಿಯ ಅಕ್ಷರಗಳಾದವು.

ಲೂಯಿಸಿಯಾನ ರಾಜ್ಯ 1890ರಲ್ಲಿ ರೈಲುಗಳಲ್ಲಿ ಬಿಳಿಯರಿಗೂ ಕಪ್ಪುಜನರಿಗೂ ಬೇರೆಬೇರೆ ಬೋಗಿಗಳಿರಬೇಕೆಂಬ ಕಾಯಿದೆಯನ್ನು ತಂದಿತು. ನ್ಯೂ ಆರ್ಲಿಯನ್ಸ್ ನಗರದ ಕಪ್ಪು ನಾಗರಿಕರು ಇದನ್ನು ಪ್ರಶ್ನಿಸಲು ಮರುವರ್ಷ ಒಂದು ನಾಗರಿಕ ಸಮಿತಿಯನ್ನು ಕಟ್ಟಿ, ಚಂದಾ ಎತ್ತಿ, ವಕೀಲರನ್ನು ಗೊತ್ತುಮಾಡಿದರು. 1892ರ ಜೂನ್ 7ರಂದು ಹೋಮರ್ ಪ್ಲೆಸಿ ಎಂಬ ಚಮ್ಮಾರ ವೃತ್ತಿಯ ಯುವಕ ಮೊದಲ ದರ್ಜೆಯ ಟಿಕೆಟ್ ಕೊಂಡು ಬಿಳಿಯರ ಬೋಗಿಯಲ್ಲಿ ಕುಳಿತದ್ದು ಈ ಸಮಿತಿಯ ಯೋಜನೆಯಂತೆ. ಅವರನ್ನು ಬಂಧಿಸಿದ ಪತ್ತೇದಾರನನ್ನು ಕೂಡ ಸಮಿತಿಯೇ ನೇಮಿಸಿತ್ತು. ಎರಡೆರಡು ಬೋಗಿ ಓಡಿಸುವ ಖರ್ಚು ಬೇಡವಾಗಿದ್ದ ರೈಲು ಕಂಪನಿಯ ಸಮ್ಮತಿಯೂ ಇತ್ತು. ಪ್ಲೆಸಿಯವರ ಮೈಯಲ್ಲಿ ಎಂಟನೆಯ ಒಂದು ಭಾಗ ಆಫ್ರಿಕನ್ ರಕ್ತವಿತ್ತು. ತಾವೇ ಹೇಳಿಕೊಳ್ಳದಿದ್ದರೆ ನೋಡಿದವರಿಗೆ ತಿಳಿಯುವಂತಿರಲಿಲ್ಲ. ಇಂಥವರನ್ನು ಆರಿಸಿದ್ದರಲ್ಲಿಯೇ ಸಮಿತಿಯ ವಾದವಿತ್ತು: ಒಬ್ಬ ಮನುಷ್ಯನ ಜನಾಂಗವನ್ನು ತೀರ್ಮಾನಿಸುವ ಅಧಿಕಾರ ರೈಲಿನ ಕಂಡಕ್ಟರನಿಗೆ ಎಲ್ಲಿಂದ ಬಂತು?

ಆ ಕಾಯಿದೆಯಲ್ಲಿದ್ದ ಒಂದು ವಿನಾಯಿತಿಯನ್ನು ತಾವು ಗಮನಿಸಬೇಕು. ಬೇರೆ ಜನಾಂಗದ ಮಕ್ಕಳನ್ನು ನೋಡಿಕೊಳ್ಳುವ ದಾದಿಯರಿಗೆ ಅದು ಅನ್ವಯಿಸುತ್ತಿರಲಿಲ್ಲ. ಎಂದರೆ, ಕಪ್ಪು ಹೆಂಗಸು ಬಿಳಿಯರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಳಿಯರ ಬೋಗಿಯಲ್ಲಿ ಪ್ರಯಾಣ ಮಾಡಬಹುದಿತ್ತು. ಅದೇ ಹೆಂಗಸು ತನ್ನದೇ ಟಿಕೆಟಿನ ಮೇಲೆ, ತನ್ನದೇ ಕೆಲಸಕ್ಕಾಗಿ ಅಲ್ಲಿ ಕುಳಿತರೆ ಅಪರಾಧ. ಬೇರೆ ಜನಾಂಗದವರ ಸಾಮೀಪ್ಯ ಯಾರಿಗೂ ತೊಂದರೆಯಾಗಿರಲಿಲ್ಲ, ಸಮಾನತೆಯೊಂದೇ ತೊಂದರೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಮನೆಯೊಳಗಿನ ದುಡಿಮೆಗೆ ಬೇಕು, ಪಂಕ್ತಿಗೆ ಬೇಡ ಎಂಬ ಏರ್ಪಾಡನ್ನು ಬಲ್ಲ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

1896ರ ಮೇ 18ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಂದಕ್ಕೆ ಏಳು ಮತಗಳಿಂದ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಸೌಲಭ್ಯಗಳು ಸಮಾನವಾಗಿದ್ದರೆ ಅವು ಪ್ರತ್ಯೇಕವಾಗಿದ್ದರೂ ಸಂವಿಧಾನಕ್ಕೆ ವಿರುದ್ಧವಲ್ಲ ಎಂಬ ಸಿದ್ಧಾಂತಕ್ಕೆ ಅಂದು ಅತ್ಯುನ್ನತ ಪೀಠದ ಮುದ್ರೆ ಬಿದ್ದಿತು. ಈ ಏರ್ಪಾಡಿನಲ್ಲಿ ಕೀಳುತನದ ಮುದ್ರೆ ಕಾಣುತ್ತದೆಂದಾದರೆ ಅದು ಕಪ್ಪುಜನರು ತಾವಾಗಿ ಕಲ್ಪಿಸಿಕೊಂಡ ಅರ್ಥವೇ ಹೊರತು ಕಾಯಿದೆಯಲ್ಲಿ ಇರುವಂಥದಲ್ಲ ಎಂದು ಬಹುಮತದ ತೀರ್ಪು ಹೇಳಿತು. ಭಿನ್ನ ತೀರ್ಪನ್ನು ಬರೆದವರು ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ. ನಮ್ಮ ಸಂವಿಧಾನ ಬಣ್ಣವನ್ನು ಕಾಣುವುದಿಲ್ಲ, ನಾಗರಿಕರಲ್ಲಿ ವರ್ಗಗಳನ್ನು ಅದು ಒಪ್ಪುವುದಿಲ್ಲ ಎಂದು ಅವರು ಬರೆದ ಮಾತು ಐವತ್ತು ವರ್ಷಗಳಿಗೂ ಮೀರಿ ಕಾಯಬೇಕಾಯಿತು. ಪ್ಲೆಸಿ 25 ಡಾಲರ್ ದಂಡ ಕಟ್ಟಿದರು. 2022ರ ಜನವರಿಯಲ್ಲಿ ಲೂಯಿಸಿಯಾನದ ರಾಜ್ಯಪಾಲರು ಅವರಿಗೆ ಮರಣೋತ್ತರ ಕ್ಷಮಾದಾನ ನೀಡಿದರು. ಕ್ಷಮೆ ಕೇಳಬೇಕಾದ ರಾಜ್ಯ ಕ್ಷಮೆ ಕೊಟ್ಟಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಈ ಸೋಲಿನಿಂದ ಜನ ಸುಮ್ಮನಾದರೆಂದು ತಿಳಿಯಬಾರದು. 1900ರಿಂದ 1906ರವರೆಗೆ ದಕ್ಷಿಣದ 25ಕ್ಕೂ ಹೆಚ್ಚು ನಗರಗಳಲ್ಲಿ ಕಪ್ಪುಜನರು ಟ್ರಾಮುಗಳನ್ನು ಬಹಿಷ್ಕರಿಸಿದರು. ಅಲಬಾಮ ರಾಜ್ಯದ ರಾಜಧಾನಿಯಾದ ಮಾಂಟ್ಗೊಮೆರಿಯೂ ಆ ನಗರಗಳಲ್ಲೊಂದು. ಆ ಹೋರಾಟಗಳಿಗೆ ನ್ಯಾಯಾಲಯದ ಬೆಂಬಲ ಸಿಗಲಿಲ್ಲ. ಅದೇ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳು ತಮ್ಮ ಸಂವಿಧಾನಗಳನ್ನು ತಿದ್ದಿ ಕಪ್ಪುಜನರ ಮತದಾನದ ಹಕ್ಕನ್ನೂ ಕಸಿದುಕೊಂಡವು. ಬೀದಿಯಲ್ಲಿ ಒಗ್ಗಟ್ಟಿದ್ದು ಕಾನೂನು ಕೈಕೊಟ್ಟರೆ ಏನಾಗುತ್ತದೆಂಬುದನ್ನು ಆ ತಲೆಮಾರು ಹೀಗೆ ಅನುಭವಿಸಿತು. 1954ರ ಮೇ 17ರಂದು ಸಾರ್ವಜನಿಕ ಶಾಲೆಗಳಲ್ಲಿನ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ತೀರ್ಪು ಕೊಟ್ಟಾಗ ಇದಕ್ಕೆ ತಿರುಗುಮುರುಗಾದ ಸ್ಥಿತಿ ಉಂಟಾಯಿತು: ಕಾನೂನು ಕೈಗೆ ಬಂದಿತ್ತು, ಆದರೆ ದಕ್ಷಿಣದ ಶಾಲೆಗಳ ಬಾಗಿಲು ತೆರೆಯಲಿಲ್ಲ. ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಮತ್ತು ಥರ್ಗುಡ್ ಮಾರ್ಷಲ್ ಇಪ್ಪತ್ತು ವರ್ಷ ಮೊಕದ್ದಮೆಯ ಮೇಲೆ ಮೊಕದ್ದಮೆ ಹೂಡಿ ಗಳಿಸಿದ ಆ ತೀರ್ಪಿನ ಕಥೆ ಇನ್ನೊಂದು ಉಪನ್ಯಾಸಕ್ಕೆ ತಕ್ಕದ್ದು. ಬೀದಿಯ ಒಗ್ಗಟ್ಟು, ಕಾನೂನು ಎಂಬ ಎರಡು ಕೈಗಳೂ ಒಟ್ಟಿಗೆ ಕೆಲಸ ಮಾಡಿದ್ದು ಮಾಂಟ್ಗೊಮೆರಿಯಲ್ಲಿ. ಆದ್ದರಿಂದಲೇ ಆ ಊರಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದು ನನ್ನ ಅಪೇಕ್ಷೆ.

ಮಾಂಟ್ಗೊಮೆರಿಯ ಬಸ್ಸಿನಲ್ಲಿ 36 ಆಸನಗಳಿದ್ದವು. ಮುಂದಿನ 10 ಆಸನಗಳು ಬಿಳಿಯರಿಗೆ ಮೀಸಲು. ಬಿಳಿಯರಾರೂ ಇಲ್ಲದೆ ಆ ಹತ್ತೂ ಖಾಲಿಯಿದ್ದರೂ ಕಪ್ಪು ಪ್ರಯಾಣಿಕರು ಅವುಗಳ ಪಕ್ಕದಲ್ಲಿ ನಿಂತೇ ಹೋಗಬೇಕಿತ್ತು. ನಡುವಿನ ಸಾಲುಗಳಲ್ಲಿ ಅವರು ಕೂರಬಹುದಿತ್ತಾದರೂ, ಬಿಳಿಯನೊಬ್ಬ ನಿಲ್ಲಬೇಕಾಗಿ ಬಂದರೆ ಚಾಲಕ ಹೇಳಿದ ಕೂಡಲೇ ಆ ಸಾಲಿನ ನಾಲ್ವರೂ ಏಳಬೇಕಿತ್ತು; ಏಕೆಂದರೆ ಒಂದೇ ಸಾಲಿನಲ್ಲಿ ಎರಡು ಜನಾಂಗದವರು ಕೂರುವಂತಿರಲಿಲ್ಲ. ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಹಾಕಿ, ಕೆಳಗಿಳಿದು, ಹಿಂದಿನ ಬಾಗಿಲಿನಿಂದ ಮತ್ತೆ ಹತ್ತುವಂತೆ ಹಲವು ಚಾಲಕರು ಹೇಳುತ್ತಿದ್ದರು. ದುಡ್ಡು ಕೊಟ್ಟವರು ಹಿಂದಿನ ಬಾಗಿಲು ಮುಟ್ಟುವ ಮೊದಲೇ ಬಸ್ಸು ಹೊರಟುಬಿಡುವುದೂ ಇತ್ತು. ಆಸನಗಳನ್ನು ಹಂಚುವ ವಿಷಯದಲ್ಲಿ ಚಾಲಕರಿಗೆ ಪೊಲೀಸರ ಅಧಿಕಾರವನ್ನೇ ಕೊಡಲಾಗಿತ್ತು. ಈ ಬಸ್ಸುಗಳ ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಪ್ಪುಜನರು, ಅವರಲ್ಲಿ ಬಹುಪಾಲು ಬಿಳಿಯರ ಮನೆಗಳಲ್ಲಿ ಅಡಿಗೆ, ಬಟ್ಟೆ, ಮಕ್ಕಳ ಕೆಲಸಕ್ಕೆ ಹೋಗಿಬರುವ ಹೆಂಗಸರು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ಊರಿನ ವಿದ್ಯಾವಂತ ಕಪ್ಪು ಮಹಿಳೆಯರು 1946ರಲ್ಲಿ ಮಹಿಳಾ ರಾಜಕೀಯ ಮಂಡಳಿ ಎಂಬ ಸಂಘವನ್ನು ಕಟ್ಟಿಕೊಂಡಿದ್ದರು. ಮೇರಿ ಫೇರ್ ಬರ್ಕ್ಸ್ ಅದರ ಸ್ಥಾಪಕಿ. ಅಲಬಾಮ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದ ಜೋ ಆ್ಯನ್ ರಾಬಿನ್ಸನ್ 1950ರಲ್ಲಿ ಅದರ ಅಧ್ಯಕ್ಷೆಯಾದರು. ಅದಕ್ಕೆ ಒಂದು ವರ್ಷ ಮೊದಲು, ಹೆಚ್ಚುಕಡಿಮೆ ಖಾಲಿಯಿದ್ದ ಬಸ್ಸಿನಲ್ಲಿ ತಿಳಿಯದೆ ಬಿಳಿಯರ ಸಾಲಿನಲ್ಲಿ ಕುಳಿತದ್ದಕ್ಕೆ ಚಾಲಕನೊಬ್ಬ ಅವರ ಮೇಲೆ ಕೂಗಾಡಿದ್ದ. ಅವರು ಅಳುತ್ತ ಬಸ್ಸಿನಿಂದ ಇಳಿದಿದ್ದರು. ಶಾಲಾ ತೀರ್ಪು ಬಂದ ನಾಲ್ಕನೆಯ ದಿನ, ಎಂದರೆ 1954ರ ಮೇ 21ರಂದು, ರಾಬಿನ್ಸನ್ ಮೇಯರ್ ಗೇಲ್ ಅವರಿಗೆ ಒಂದು ಪತ್ರ ಬರೆದರು. ಬಸ್ಸುಗಳಲ್ಲಿನ ನಡವಳಿಕೆಯನ್ನು ಸುಧಾರಿಸಬೇಕು, ನಮ್ಮ ಜನ ಬಸ್ಸು ಹತ್ತದಿದ್ದರೆ ಬಸ್ಸುಗಳು ಓಡಲಾರವು, ಬಹಿಷ್ಕಾರದ ಮಾತು ಈಗಾಗಲೇ ನಡೆಯುತ್ತಿದೆ ಎಂಬುದು ಆ ಪತ್ರದ ಸಾರ. ಭಾಷೆ ಅತ್ಯಂತ ಸೌಜನ್ಯದ್ದು, ಒಳಗಿನ ಮಾತು ಅಷ್ಟೇ ಗಟ್ಟಿಯಾದದ್ದು. ರೋಸಾ ಪಾರ್ಕ್ಸ್ ಅವರ ಬಂಧನಕ್ಕೆ ಹದಿನೆಂಟು ತಿಂಗಳ ಮೊದಲು ಬರೆದ ಪತ್ರವಿದು. ಈ ಹೋರಾಟದ ಯಾವುದಾದರೂ ಒಂದು ಕಾಗದವನ್ನು ನಮ್ಮ ವಿದ್ಯಾರ್ಥಿಗಳು ಓದಬೇಕೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

1955ರ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹೈಸ್ಕೂಲು ಹುಡುಗಿ ಬಸ್ಸಿನಲ್ಲಿ ಏಳಲು ಒಪ್ಪಲಿಲ್ಲ. ಪೊಲೀಸರು ಅವಳನ್ನು ಎಳೆದು ಇಳಿಸಿ, ಕೈಕೋಳ ಹಾಕಿ, ವಯಸ್ಕರ ಜೈಲಿಗೆ ಒಯ್ದರು. ಪ್ರತ್ಯೇಕತೆಯ ಕಾಯಿದೆಯನ್ನು ಮುರಿದದ್ದು, ಶಾಂತಿಭಂಗ, ಪೊಲೀಸರ ಮೇಲೆ ಹಲ್ಲೆ ಎಂದು ಅವಳ ಮೇಲೆ ಮೂರು ಆರೋಪಗಳನ್ನು ಹೊರಿಸಿದರು. ಮೇಲ್ಮನವಿಯ ಹಂತದಲ್ಲಿ ಮೊದಲೆರಡು ಆರೋಪಗಳನ್ನು ಕೈಬಿಟ್ಟು ಹಲ್ಲೆಯ ಆರೋಪವೊಂದನ್ನೇ ಉಳಿಸಿಕೊಂಡದ್ದರಿಂದ, ಆ ಮೊಕದ್ದಮೆಯ ಮೂಲಕ ಕಾಯಿದೆಯನ್ನು ಪ್ರಶ್ನಿಸುವ ದಾರಿಯೇ ಮುಚ್ಚಿಹೋಯಿತು. ಇದರ ಜೊತೆಗೆ ಊರಿನ ಮುಖಂಡರು ಅವಳ ಎಳೆಯ ವಯಸ್ಸನ್ನು, ಮನೆಯ ಬಡತನವನ್ನು, ಮುಂದೆ ಆಕೆ ಗರ್ಭಿಣಿಯಾದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರು. ವಿರೋಧಿಗಳು ಹುಳುಕು ಹುಡುಕಲಾಗದಂಥ ವ್ಯಕ್ತಿಯೇ ಬೇಕೆಂದು ಕಾದರು. ಆ ಕಾಲದ ಕ್ರೌರ್ಯವನ್ನು ಬಲ್ಲವರು ಈ ನಿರ್ಧಾರವನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಅನ್ಯಾಯಕ್ಕೆ ಎದುರು ನಿಂತ ಹುಡುಗಿಯೊಬ್ಬಳು ತನ್ನವರಿಂದಲೂ ಬದಿಗೆ ಸರಿಸಲ್ಪಟ್ಟಳು ಎಂಬುದನ್ನು ನಾವು ಮರೆಮಾಚಬಾರದು. ಅದೇ ಅಕ್ಟೋಬರಿನಲ್ಲಿ ಮೇರಿ ಲೂಯಿಸ್ ಸ್ಮಿತ್ ಎಂಬ 18 ವರ್ಷದ ಯುವತಿಯನ್ನೂ ಇದೇ ಕಾರಣಕ್ಕೆ ಬಂಧಿಸಲಾಯಿತು.

ಇನ್ನು ರೋಸಾ ಪಾರ್ಕ್ಸ್. ಅವರಿಗೆ ಆಗ 42 ವರ್ಷ. ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರೆಂಬುದು ನಿಜ. ಆದರೆ ಕಪ್ಪುಜನರ ಹಕ್ಕುಗಳಿಗಾಗಿ 1909ರಿಂದ ದುಡಿಯುತ್ತಿದ್ದ ರಾಷ್ಟ್ರೀಯ ಸಂಸ್ಥೆಯ ಸ್ಥಳೀಯ ಶಾಖೆಗೆ ಅವರು ಹತ್ತು ವರ್ಷಕ್ಕೂ ಹಿಂದಿನಿಂದ ಕಾರ್ಯದರ್ಶಿಯಾಗಿದ್ದರು. 1944ರಲ್ಲಿ ಬಿಳಿಯ ಗಂಡಸರ ಗುಂಪಿನಿಂದ ಅತ್ಯಾಚಾರಕ್ಕೊಳಗಾದ ರೀಸಿ ಟೇಲರ್ ಎಂಬ ಯುವತಿಯ ಪರವಾಗಿ ಸಾಕ್ಷ್ಯ ಸಂಗ್ರಹಿಸಲು ಹೋದವರು ಇವರೇ. ಶಾಖೆಯ ಯುವ ಘಟಕದ ಮಾರ್ಗದರ್ಶಕಿಯಾಗಿ ಕಾಲ್ವಿನ್‌ಳನ್ನು ಬಲ್ಲವರೂ ಆಗಿದ್ದರು. 1955ರ ಬೇಸಿಗೆಯಲ್ಲಿ ಟೆನ್ನೆಸೀಯ ಹೈಲ್ಯಾಂಡರ್ ಶಾಲೆಯಲ್ಲಿ ಚಳವಳಿಗಾರರ ಶಿಬಿರಕ್ಕೆ ಹೋಗಿಬಂದಿದ್ದರು. ಡಿಸೆಂಬರ್ 1ರ ಗುರುವಾರ ಸಂಜೆ ಅವರನ್ನು ಏಳುವಂತೆ ಹೇಳಿದ ಚಾಲಕ ಜೇಮ್ಸ್ ಬ್ಲೇಕ್, 1943ರಲ್ಲಿ ಹಿಂದಿನ ಬಾಗಿಲಿನಿಂದ ಹತ್ತುವಂತೆ ಹೇಳಿ ಅವರನ್ನು ಬಸ್ಸಿನಿಂದ ಇಳಿಸಿದ್ದ ಮನುಷ್ಯನೇ. ಅಂದು ಸಂಜೆ ಬಂಧನವಾಗಬೇಕೆಂದು ಅವರು ಬಸ್ಸು ಹತ್ತಿರಲಿಲ್ಲ. ಆದರೆ ಬಂಧನವಾದರೆ ಮುಂದೇನೆಂಬುದನ್ನು ಅವರಷ್ಟು ತಿಳಿದವರು ಆ ಊರಿನಲ್ಲಿ ಕೆಲವರೇ ಇದ್ದರು.

ಜಾಮೀನು ಕೊಡಿಸಿ ಬಿಡಿಸಿಕೊಂಡು ಬಂದವರು ಇ. ಡಿ. ನಿಕ್ಸನ್, ರೈಲಿನ ಮಲಗುವ ಬೋಗಿಗಳಲ್ಲಿ ಪೋರ್ಟರ್ ಆಗಿ ದುಡಿಯುತ್ತ ಆ ಕಾರ್ಮಿಕರ ಸಂಘವನ್ನು ಕಟ್ಟಿ ಬೆಳೆದವರು. ಅದೇ ರಾತ್ರಿ ರಾಬಿನ್ಸನ್ ಅವರಿಗೆ ಸುದ್ದಿ ತಿಳಿಯಿತು. ಮಧ್ಯರಾತ್ರಿಯ ಹೊತ್ತಿಗೆ ಅವರು ಕಾಲೇಜಿಗೆ ಹೋಗಿ, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ನೆರವಿನಿಂದ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಕರಪತ್ರಗಳನ್ನು ತೆಗೆಯತೊಡಗಿದರು. ಒಂದು ಹಾಳೆಯಲ್ಲಿ ಮೂರು ಕರಪತ್ರದಂತೆ ಬೆಳಗಿನ ವೇಳೆಗೆ ಹತ್ತಾರು ಸಾವಿರ ಪ್ರತಿಗಳು ಸಿದ್ಧವಾದವು. ಕಾಲೇಜು ಸರ್ಕಾರದ್ದು, ಸಿಕ್ಕಿಬಿದ್ದರೆ ಕೆಲಸ ಹೋಗುವುದು ಖಚಿತವಾಗಿತ್ತು. ಬೆಳಿಗ್ಗೆ ತರಗತಿಯ ಪಾಠ ಮುಗಿಸಿ ಅವರು ಶಾಲೆ, ಅಂಗಡಿ, ಕ್ಷೌರದಂಗಡಿ, ಕಾರ್ಖಾನೆಗಳಿಗೆಲ್ಲ ಅವುಗಳನ್ನು ಮುಟ್ಟಿಸಿದರು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂಬುದಷ್ಟೇ ಸಂದೇಶ. ಪಾದ್ರಿಗಳು ಸಭೆ ಸೇರಿ ಒಪ್ಪಿಗೆ ಕೊಡುವ ಮೊದಲೇ ಊರಿಗೆ ಸುದ್ದಿ ತಲುಪಿಯಾಗಿತ್ತು.

ಡಿಸೆಂಬರ್ 5ರ ಸೋಮವಾರ ಬಸ್ಸುಗಳು ಖಾಲಿ ಓಡಿದವು. ಪಾರ್ಕ್ಸ್ ಅವರಿಗೆ ನ್ಯಾಯಾಲಯ 10 ಡಾಲರ್ ದಂಡವನ್ನೂ 4 ಡಾಲರ್ ಖರ್ಚನ್ನೂ ವಿಧಿಸಿತು. ಮಧ್ಯಾಹ್ನ ಹುಟ್ಟಿದ ಹೊಸ ಸಂಘಕ್ಕೆ, ಊರಿಗೆ ಬಂದು ಹೆಚ್ಚು ಕಾಲವಾಗದ, ಯಾವ ಬಣದ ಹಂಗಿಗೂ ಸಿಕ್ಕದಿದ್ದ 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅಧ್ಯಕ್ಷರಾದರು. ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚಿನ ಒಳಗೂ ಹೊರಗೂ ಸಾವಿರಾರು ಜನ ನೆರೆದು, ಬಹಿಷ್ಕಾರವನ್ನು ಮುಂದುವರಿಸುವುದೆಂದು ತೀರ್ಮಾನಿಸಿದರು.

ಉಪನ್ಯಾಸ ಮುಗಿದ ಮೇಲೆ ಒಬ್ಬರು ಕೇಳಿದ ಪ್ರಶ್ನೆಯೊಂದಕ್ಕೆ ಕೊಟ್ಟ ಉತ್ತರವನ್ನು ಈ ಬರಹ ರೂಪದಲ್ಲಿ ಇಲ್ಲಿಯೇ ಸೇರಿಸಿದ್ದೇನೆ. ಅವರ ಮೊದಲ ಬೇಡಿಕೆಗಳು ಅಷ್ಟು ಸಣ್ಣವಾಗಿದ್ದವೇಕೆ ಎಂಬುದು ಪ್ರಶ್ನೆ. ನಿಜ, ಬೇಡಿಕೆಗಳು ಮೂರೇ: ಚಾಲಕರು ಮರ್ಯಾದೆಯಿಂದ ಮಾತನಾಡಬೇಕು, ಬಿಳಿಯರು ಮುಂದಿನಿಂದ, ಕಪ್ಪುಜನರು ಹಿಂದಿನಿಂದ, ಮೊದಲು ಬಂದವರು ಮೊದಲು ಕೂರುವಂತಾಗಬೇಕು, ಕಪ್ಪುಜನರೇ ಹೆಚ್ಚಾಗಿರುವ ಮಾರ್ಗಗಳಲ್ಲಿ ಕಪ್ಪು ಚಾಲಕರನ್ನು ನೇಮಿಸಬೇಕು. ಪ್ರತ್ಯೇಕತೆಯನ್ನು ಸಂಪೂರ್ಣವಾಗಿ ತೊಲಗಿಸಬೇಕೆಂದು ಅವರು ಕೇಳಿರಲೇ ಇಲ್ಲ. ಇಷ್ಟಾದರೂ ಸಿಗಬಹುದೆಂಬ ವ್ಯಾವಹಾರಿಕ ವಿವೇಕ ಅದರ ಹಿಂದಿತ್ತು. ಅಲಬಾಮದಲ್ಲಿಯೇ ಮೊಬೀಲ್ ನಗರದಲ್ಲಿ ಅಂಥ ಏರ್ಪಾಡು ಆಗಲೇ ಜಾರಿಯಲ್ಲಿತ್ತು. ಪುರಸಭೆ ಈ ಸಣ್ಣ ಬೇಡಿಕೆಯನ್ನೂ ತಳ್ಳಿಹಾಕಿದ್ದರಿಂದಲೇ ಜನ ದೊಡ್ಡ ಪ್ರಶ್ನೆಯನ್ನು ಎತ್ತಿಕೊಂಡರು. ಒಪ್ಪಂದಕ್ಕೆ ಬಂದವರನ್ನು ಹಟಮಾರಿತನದಿಂದ ಹಿಂದಕ್ಕೆ ಕಳಿಸಿದ ಆಡಳಿತವೇ ಇಡೀ ಕಾಯಿದೆಯ ನಾಶಕ್ಕೆ ಕಾರಣವಾಯಿತು.

ದಿನವೂ ಹತ್ತಾರು ಸಾವಿರ ಜನ ಬಸ್ಸಿಲ್ಲದೆ ಕೆಲಸಕ್ಕೆ ಹೋಗಿಬರುವುದೆಂದರೆ ಏನು? ಮೊದಲು ಕಪ್ಪು ಟ್ಯಾಕ್ಸಿ ಚಾಲಕರು ಬಸ್ಸಿನ ದರದಲ್ಲಿ, 10 ಸೆಂಟಿಗೆ ಜನರನ್ನು ಒಯ್ದರು. ಟ್ಯಾಕ್ಸಿಯ ಕನಿಷ್ಠ ದರ 45 ಸೆಂಟು ಎಂಬ ನಿಯಮವನ್ನು ಎತ್ತಿಹಿಡಿದು ನಗರಾಡಳಿತ ಅದನ್ನು ನಿಲ್ಲಿಸಿತು. ಆಗ ಲೂಯಿಸಿಯಾನದ ಬೇಟನ್ ರೂಜ್ ನಗರದಲ್ಲಿ 1953ರಲ್ಲಿ ಇಂಥದೇ ಬಹಿಷ್ಕಾರ ನಡೆಸಿದ್ದವರನ್ನು ಕೇಳಿ ತಿಳಿದು, ಸ್ವಂತ ಕಾರಿದ್ದವರು ಜನರನ್ನು ಉಚಿತವಾಗಿ ಕರೆದೊಯ್ಯುವ ವ್ಯವಸ್ಥೆಯನ್ನು ರೂಪಿಸಿದರು. ಸುಮಾರು 300 ಕಾರುಗಳು, ನಲವತ್ತಕ್ಕೂ ಹೆಚ್ಚು ನಿಲುಗಡೆಗಳು, ಬೆಳಿಗ್ಗೆಗೆ ಒಂದು ವೇಳಾಪಟ್ಟಿ, ಸಂಜೆಗೆ ಇನ್ನೊಂದು. ಊರಿನ ಅಂಚೆ ಹಂಚುವ ಕೆಲಸದಲ್ಲಿದ್ದ ಕಪ್ಪುಜನರಿಗೆ ಬೀದಿಬೀದಿಯ ಪರಿಚಯವಿದ್ದದ್ದು ಮಾರ್ಗಗಳನ್ನು ಗೊತ್ತುಮಾಡಲು ನೆರವಾಯಿತು. ಚರ್ಚುಗಳ ಹೆಸರಿನಲ್ಲಿ ದೊಡ್ಡ ಕಾರುಗಳನ್ನು ಕೊಂಡರು. ಇವುಗಳ ವಿಮೆಯನ್ನು ಸ್ಥಳೀಯ ಕಂಪನಿಗಳು ರದ್ದುಮಾಡಿದಾಗ ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯಿಂದ ವಿಮೆ ಮಾಡಿಸಿದರು. ಪೊಲೀಸರು ಸಣ್ಣಪುಟ್ಟ ನೆಪ ಹುಡುಕಿ ಚಾಲಕರಿಗೆ ದಂಡ ಹಾಕಿದರು; ಕಿಂಗ್ ಅವರನ್ನೇ ವೇಗದ ಮಿತಿಯನ್ನು ಐದು ಮೈಲಿ ಮೀರಿದರೆಂದು ಬಂಧಿಸಿದರು. ರಾಬಿನ್ಸನ್ ಅವರ ಕಾರಿನ ಮೇಲೆ ಆ್ಯಸಿಡ್ ಸುರಿದವರು ಪೊಲೀಸರ ಸಮವಸ್ತ್ರದಲ್ಲಿದ್ದರು. ಮನೆಗೆಲಸದವರು ಬಾರದೆ ಕಷ್ಟವಾದಾಗ ಬಿಳಿಯ ಗೃಹಿಣಿಯರು ತಾವೇ ಕಾರು ತೆಗೆದುಕೊಂಡು ಹೋಗಿ ಅವರನ್ನು ಕರೆತರುತ್ತಿದ್ದರು. ಇದನ್ನು ನಿಲ್ಲಿಸಬೇಕೆಂದು ಮೇಯರ್ ಬೇಡಿಕೊಂಡರೂ ಅವರು ಕಿವಿಗೊಡಲಿಲ್ಲ.

ಪೆಟ್ರೋಲಿನ ದುಡ್ಡು ಎಲ್ಲಿಂದ ಬರಬೇಕು? ಜಾರ್ಜಿಯಾ ಗಿಲ್ಮೋರ್ ಎಂಬ ಅಡಿಗೆಯಾಕೆ ಸಂಗಾತಿ ಹೆಂಗಸರೊಂದಿಗೆ ಕೇಕು, ಕಡುಬು, ಕೋಳಿಯ ಅಡಿಗೆ ಮಾಡಿ ಮಾರಿ, ಬಂದ ದುಡ್ಡನ್ನು ವಾರವಾರವೂ ಸಭೆಯಲ್ಲಿ ತಂದೊಪ್ಪಿಸುತ್ತಿದ್ದರು. ಕೊಂಡವರಲ್ಲಿ ಬಿಳಿಯರೂ ಇದ್ದರು. ಯಾರ ಕೆಲಸಕ್ಕೂ ಕುತ್ತು ಬರದಿರಲೆಂದು ತಮ್ಮ ಗುಂಪನ್ನು ಅವರು ‘ಎಲ್ಲಿಂದಲೂ ಬರದವರ ಸಂಘ’ ಎಂದು ಕರೆದುಕೊಂಡರು; ದುಡ್ಡು ಎಲ್ಲಿಂದ ಬಂತೆಂದು ಕೇಳಿದರೆ ಎಲ್ಲಿಂದಲೂ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತಿರಲಿಲ್ಲ. 1956ರ ಮಾರ್ಚಿನಲ್ಲಿ ಕಿಂಗ್ ಅವರ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದಕ್ಕೆ ಗಿಲ್ಮೋರ್ ತಮ್ಮ ಕೆಲಸವನ್ನು ಕಳೆದುಕೊಂಡರು. ಆಮೇಲೆ ತಮ್ಮ ಮನೆಯಲ್ಲಿಯೇ ಅಡಿಗೆ ಮಾಡಿ ಬಡಿಸತೊಡಗಿದರು. ಚಳವಳಿಯ ಮುಖಂಡರು ಊಟಕ್ಕೆ ಸೇರಿ ಮಾತನಾಡುವ ಜಾಗ ಅದಾಯಿತು. ಕಿಂಗ್ ಅವರ ಭಾಷಣಗಳ ಮಹತ್ವವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆ ಭಾಷಣ ಕೇಳಿ ಮನೆಗೆ ಹೋದ ಹೆಂಗಸು ಮರುದಿನ ಬೆಳಿಗ್ಗೆ ನಾಲ್ಕಾರು ಮೈಲಿ ನಡೆಯದಂತೆ ನೋಡಿಕೊಂಡವರು ಇವರು ಎಂದಷ್ಟೇ ಹೇಳುತ್ತಿದ್ದೇನೆ.

1956ರ ಜನವರಿ 30ರಂದು ಕಿಂಗ್ ಅವರ ಮನೆಗೆ ಬಾಂಬು ಬಿದ್ದಿತು; ಒಳಗೆ ಅವರ ಹೆಂಡತಿಯೂ ಎಳೆಯ ಮಗಳೂ ಇದ್ದರು. ಫೆಬ್ರವರಿ 1ರಂದು ನಿಕ್ಸನ್ ಅವರ ಮನೆಯ ಸರದಿ. ಅದೇ ದಿನ ಫ್ರೆಡ್ ಗ್ರೇ ಎಂಬ 25 ವರ್ಷದ ವಕೀಲರು ಒಕ್ಕೂಟದ ನ್ಯಾಯಾಲಯದಲ್ಲಿ ಬಸ್ಸಿನ ಪ್ರತ್ಯೇಕತೆಯ ವಿರುದ್ಧ ದಾವೆಯನ್ನು ದಾಖಲಿಸಿದರು. ಈ ದಾವೆಯಲ್ಲಿ ರೋಸಾ ಪಾರ್ಕ್ಸ್ ಫಿರ್ಯಾದಿಯಲ್ಲ. ಅವರ ಮೊಕದ್ದಮೆ ರಾಜ್ಯದ ನ್ಯಾಯಾಲಯಗಳಲ್ಲಿ ಮೇಲ್ಮನವಿಯ ಹಂತದಲ್ಲಿತ್ತು, ಅಲ್ಲಿ ಅದನ್ನು ವರ್ಷಗಟ್ಟಲೆ ಎಳೆಯಬಹುದಿತ್ತು. ಆದ್ದರಿಂದ ಗ್ರೇ ಬೇರೆಯ ಹೆಂಗಸರನ್ನು ಹುಡುಕಿದರು. ಕೊನೆಯವರೆಗೆ ಉಳಿದ ಫಿರ್ಯಾದಿಗಳು ನಾಲ್ವರು: ಆರೀಲಿಯಾ ಬ್ರೌಡರ್, ಸೂಸಿ ಮ್ಯಾಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು, ಹಿಂದೆ ಯೋಗ್ಯಳಲ್ಲವೆಂದು ಬದಿಗಿಟ್ಟಿದ್ದ ಕ್ಲಾಡೆಟ್ ಕಾಲ್ವಿನ್. ಮೇ ತಿಂಗಳಲ್ಲಿ, 16 ವರ್ಷದ ಕಾಲ್ವಿನ್ ಎಳೆಗೂಸಿನ ತಾಯಿಯಾಗಿದ್ದಾಗ, ಮೂವರು ನ್ಯಾಯಾಧೀಶರ ಮುಂದೆ ಸಾಕ್ಷ್ಯ ನುಡಿದಳು. ಜೂನ್ 5ರಂದು ಒಂದಕ್ಕೆ ಎರಡು ಮತಗಳಿಂದ ತೀರ್ಪು ಅವರ ಪರವಾಗಿ ಬಂತು: ಶಾಲೆಗಳ ತೀರ್ಪಿನ ನಂತರ ಪ್ಲೆಸಿ ಮೊಕದ್ದಮೆಯ ಸಿದ್ಧಾಂತ ಊರಿನ ಬಸ್ಸುಗಳಿಗೂ ಉಳಿದಿಲ್ಲ ಎಂದು ಬಹುಮತ ಹೇಳಿತು.

ನಗರಾಡಳಿತ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಇನ್ನೊಂದೆಡೆ ಕಾರುಗಳ ವ್ಯವಸ್ಥೆಯನ್ನೇ ಮುರಿಯಲು ಸ್ಥಳೀಯ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಿತು. ನವೆಂಬರ್ 13ರಂದು ಕಿಂಗ್ ಆ ತಡೆಯಾಜ್ಞೆಯ ವಿಚಾರಣೆಯಲ್ಲಿ ಕುಳಿತಿದ್ದಾಗಲೇ ವಾಷಿಂಗ್ಟನ್ನಿನಿಂದ ಸುದ್ದಿ ಬಂತು: ಸರ್ವೋಚ್ಚ ನ್ಯಾಯಾಲಯ ಕೆಳಗಿನ ತೀರ್ಪನ್ನು ಎತ್ತಿಹಿಡಿದಿತ್ತು. ಅದೇ ದಿನ ತಡೆಯಾಜ್ಞೆಯೂ ಜಾರಿಯಾಯಿತು. ಆದೇಶದ ಪ್ರತಿ ಊರಿಗೆ ಬಂದು ಮುಟ್ಟಿದ್ದು ಡಿಸೆಂಬರ್ 20ರಂದು. ಆ ನಡುವಿನ ಐದು ವಾರಗಳನ್ನು ಜನ, ಕಾರುಗಳೂ ಇಲ್ಲದೆ, ನಡೆದೇ ಕಳೆದರು. 21ರ ಬೆಳಿಗ್ಗೆ ಅವರು ಮತ್ತೆ ಬಸ್ಸು ಹತ್ತಿದಾಗ 381 ದಿನಗಳಾಗಿದ್ದವು. ಆ ತಿಂಗಳಲ್ಲೇ ಬಸ್ಸುಗಳ ಮೇಲೆ ಗುಂಡು ಹಾರಿಸಲಾಯಿತು, ಜನವರಿಯಲ್ಲಿ ನಾಲ್ಕು ಚರ್ಚುಗಳಿಗೆ ಬಾಂಬು ಹಾಕಲಾಯಿತು. ಇವಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಮಾಂಟ್ಗೊಮೆರಿಯ ಸುದ್ದಿ ನಮ್ಮ ದೇಶಕ್ಕೂ ತಲುಪಿತ್ತು. ಜೇಮ್ಸ್ ಲಾಸನ್ ಎಂಬ ಕಪ್ಪು ಯುವಕ ಆಗ ನಾಗಪುರದ ಹಿಸ್ಲಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತ ಗಾಂಧೀಜಿಯವರ ಸತ್ಯಾಗ್ರಹ ಮಾರ್ಗವನ್ನು ಅಭ್ಯಾಸ ಮಾಡುತ್ತಿದ್ದರು. ಬಹಿಷ್ಕಾರದ ವರದಿಯನ್ನು ಅವರು ಓದಿದ್ದು ಅಲ್ಲಿನ ಪತ್ರಿಕೆಯಲ್ಲಿ. ಊರಿಗೆ ಮರಳಿ ನ್ಯಾಶ್‌ವಿಲ್ ನಗರದಲ್ಲಿ ವಿದ್ಯಾರ್ಥಿಗಳಿಗೆ ಹೊಡೆತ ತಿಂದರೂ ಕೈಯೆತ್ತದಿರುವ ಶಿಸ್ತನ್ನು ಕಲಿಸಿದರು. ಕನ್ನಡಿಗರು ನೆನೆಯಬೇಕಾದ ಇನ್ನೊಂದು ಹೆಸರು ರಾಮಮನೋಹರ ಲೋಹಿಯಾ ಅವರದು. 1951ರ ಜೂನಿನಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಲೋಹಿಯಾ, ಅದೇ ವರ್ಷ ಅಮೆರಿಕ ಪ್ರವಾಸದಲ್ಲಿ ಕಪ್ಪುಜನರ ಸಭೆಗಳಲ್ಲಿ ಕಾನೂನುಭಂಗ ಚಳವಳಿಯ ಮಾತನಾಡಿದರು. 1964ರ ಮೇ ತಿಂಗಳಲ್ಲಿ ಮಿಸಿಸಿಪಿಯ ಜ್ಯಾಕ್ಸನ್ ನಗರದಲ್ಲಿ, ಬಿಳಿಯರಿಗಷ್ಟೇ ಮೀಸಲಾದ ಹೋಟೆಲೊಂದಕ್ಕೆ ಧೋತರವುಟ್ಟು ಹೋಗಿ ಅಲ್ಲಿಯೂ ಬಂಧನಕ್ಕೊಳಗಾದರು.

ಲಾಸನ್ ತರಬೇತಿ ಕೊಟ್ಟ ನ್ಯಾಶ್‌ವಿಲ್ ವಿದ್ಯಾರ್ಥಿಗಳೇ ದೂರದ ಬಸ್ಸುಗಳ ಹೋರಾಟವನ್ನು ಉಳಿಸಿದವರು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಸ್ಸುಗಳಲ್ಲಿ ಪ್ರತ್ಯೇಕತೆ ಸಲ್ಲದೆಂದು ಐರೀನ್ ಮಾರ್ಗನ್ ಎಂಬ ಮಹಿಳೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1946ರಷ್ಟು ಹಿಂದೆಯೇ ಹೇಳಿತ್ತು. ದಕ್ಷಿಣದಲ್ಲಿ ಅದನ್ನು ಪಾಲಿಸುವವರಿರಲಿಲ್ಲ. 1961ರ ಮೇ 4ರಂದು ಕಪ್ಪುಜನರೂ ಬಿಳಿಯರೂ ಸೇರಿದ 13 ಜನರ ತಂಡ ವಾಷಿಂಗ್ಟನ್ನಿನಿಂದ ಹೊರಟಿತು. 14ರಂದು ಅಲಬಾಮದ ಆ್ಯನಿಸ್ಟನ್ ಬಳಿ ಗುಂಪೊಂದು ಬಸ್ಸಿಗೆ ಬೆಂಕಿ ಹಚ್ಚಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೊಂದು ಬಸ್ಸಿನವರನ್ನು ಬೇರೊಂದು ಗುಂಪು ಬಡಿಯಿತು. ಯಾತ್ರೆ ನಿಂತೇ ಹೋಗಲಿದ್ದಾಗ ಡಯೇನ್ ನ್ಯಾಶ್ ಎಂಬ 23 ವರ್ಷದ ವಿದ್ಯಾರ್ಥಿನಿ, ಹಿಂಸೆಗೆ ಹೆದರಿ ಯಾತ್ರೆ ನಿಂತರೆ ಮುಂದೆ ಪ್ರತಿಯೊಂದು ಚಳವಳಿಯನ್ನೂ ಹಿಂಸೆಯಿಂದಲೇ ನಿಲ್ಲಿಸುತ್ತಾರೆಂದು ವಾದಿಸಿ, ನ್ಯಾಶ್‌ವಿಲ್‌ನಿಂದ ಹೊಸ ತಂಡವನ್ನು ಕಳಿಸಿದರು. ಹೊರಡುವ ಮುನ್ನ ಕೆಲವರು ತಮ್ಮ ಉಯಿಲನ್ನು ಬರೆದಿಟ್ಟಿದ್ದರು. ಆ ಬೇಸಿಗೆಯಲ್ಲಿ ಜ್ಯಾಕ್ಸನ್ ನಗರದಲ್ಲಿ 300ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು, ಹಲವರು ಪಾರ್ಚ್‌ಮನ್ ಸೆರೆಮನೆಯನ್ನು ಕಂಡರು. ಸರ್ಕಾರ ಕೊನೆಗೆ ಸಾರಿಗೆ ಆಯೋಗದ ಮೂಲಕ ಆದೇಶ ಹೊರಡಿಸಬೇಕಾಯಿತು: 1961ರ ನವೆಂಬರ್ 1ರಿಂದ ಆ ಬಸ್ಸುಗಳಲ್ಲೂ ನಿಲ್ದಾಣಗಳಲ್ಲೂ ಬಿಳಿಯರನ್ನೂ ಕಪ್ಪುಜನರನ್ನೂ ಬೇರ್ಪಡಿಸುವ ಫಲಕಗಳು ಇರುವಂತಿರಲಿಲ್ಲ.

ಮಾಂಟ್ಗೊಮೆರಿಯ ಆ ಹೆಂಗಸರಿಗೆ ಗೆಲುವಿನಿಂದ ಬದುಕು ಹಗುರಾಗಲಿಲ್ಲ. ಪಾರ್ಕ್ಸ್ ಬಹಿಷ್ಕಾರದ ಎರಡನೆಯ ತಿಂಗಳಲ್ಲೇ ಕೆಲಸ ಕಳೆದುಕೊಂಡರು. ಅವರ ಗಂಡನೂ ಕೆಲಸ ಬಿಡಬೇಕಾಯಿತು. ಊರಿನಲ್ಲಿ ಬೇರೆ ಕೆಲಸ ಸಿಗದೆ, ಬೆದರಿಕೆಯ ಕರೆಗಳು ನಿಲ್ಲದೆ, 1957ರಲ್ಲಿ ದಂಪತಿಗಳು ಡೆಟ್ರಾಯಿಟ್‌ಗೆ ವಲಸೆ ಹೋದರು. ಕಾಲೇಜಿನ ಮೇಲೆ ರಾಜ್ಯ ಸರ್ಕಾರದ ಕಣ್ಣು ಬಿದ್ದ ಮೇಲೆ ರಾಬಿನ್ಸನ್ 1960ರಲ್ಲಿ ಅಲ್ಲಿಂದ ಹೊರಟರು. ಕಾಲ್ವಿನ್ ನ್ಯೂಯಾರ್ಕಿಗೆ ಹೋಗಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ದಾದಿಯ ಸಹಾಯಕಿಯಾಗಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದರು. ಬಸ್ಸಿನ ಕಾನೂನನ್ನು ಉರುಳಿಸಿದ ದಾವೆಯಲ್ಲಿ ಅವರ ಹೆಸರಿದ್ದರೂ, 15ನೆಯ ವಯಸ್ಸಿನಲ್ಲಿ ಬಿದ್ದ ಹಲ್ಲೆಯ ಶಿಕ್ಷೆ ನ್ಯಾಯಾಲಯದ ಕಡತದಲ್ಲಿ ಹಾಗೆಯೇ ಉಳಿದಿತ್ತು. 82ನೆಯ ವಯಸ್ಸಿನಲ್ಲಿ ಅವರು ತಾವಾಗಿಯೇ ಅರ್ಜಿ ಹಾಕಿಕೊಂಡ ಮೇಲೆ, 2021ರಲ್ಲಿ ಮಾಂಟ್ಗೊಮೆರಿಯ ಬಾಲ ನ್ಯಾಯಾಲಯ ಅದನ್ನು ಅಳಿಸಿಹಾಕಿತು.